ರೇಡಿಯೇಟರಿಗೆ ಸುರಿದ ಅರಿಶಿನ

ಹಂಸಭಾವಿ ರಸ್ತೆಯ ಗ್ಯಾರೇಜಿನ ಉಳವಪ್ಪ, ಅವಸರ ಮಾಡುವ ಡ್ರೈವರುಗಳನ್ನು ಬೈದು ಕಳಿಸುವ ಮೇಸ್ತ್ರಿ. ಹೋದ ವಾರ ಮಾತ್ರ ಅವಸರ ಅವನದೇ ಆಗಿತ್ತು. ನೆಂಟರ ಮದುವೆಗೆ ಹೊರಡಬೇಕಿತ್ತು. ಅಷ್ಟರಲ್ಲಿ ದುಂಡಸಿಯ ಫಕ್ಕೀರೇಶ ತನ್ನ ಹಳೆಯ ಲಾರಿ ತಂದ. ರೇಡಿಯೇಟರ್ ಸೋರುತ್ತಿತ್ತು. ಬಿಚ್ಚಿ ಬೆಸುಗೆ ಹಾಕಬೇಕು, ಅರ್ಧ ದಿನದ ಕೆಲಸ. ಫಕ್ಕೀರೇಶ ಊಟಕ್ಕೆ ಖಾನಾವಳಿಗೆ ಹೋದಾಗ ಉಳವಪ್ಪ ರೇಡಿಯೇಟರಿನ ನೀರಿಗೆ ಎರಡು ಹಿಡಿ ಅರಿಶಿನಪುಡಿ ಸುರಿದ. ಪುಡಿ ಕೂತು ತೂತು ಮುಚ್ಚಿತು.

ಉಂಡು ಬಂದವನಿಗೆ "ಬೆಸಿಗಿ ಹಾಕೇನಿ, ಹೋಗು" ಎಂದ.

ಇಂದು ಫಕ್ಕೀರೇಶ ಬಲಗೈಗೆ ಬಟ್ಟೆ ಸುತ್ತಿಕೊಂಡು ಬಂದ. ಶಿಗ್ಗಾವಿಯ ಹತ್ತಿರ ಮತ್ತೆ ಸೋರಿ ಇಂಜಿನ್ ಕಾದಿತ್ತು. ಮುಚ್ಚಳ ತೆಗೆದಾಗ ಕುದಿಯುವ ನೀರು ಕೈಮೇಲೆ ಸಿಡಿದಿತ್ತು.

"ತಪ್ಪು ನಂದ ಐತ್ರಿ. ಆರೂತನಕ ತಡೀಬೇಕಿತ್ತು. ನಿಮ್ಮ ಬೆಸಿಗಿ ಚಲೋನ ಇತ್ರಿ, ಹಾದೀನ ಕೆಟ್ಟೈತಿ."

ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಉಳವಪ್ಪ ರೇಡಿಯೇಟರ್ ಬಿಚ್ಚಿದ. ತಳದಲ್ಲಿದ್ದ ಹಳದಿ ಕೆಸರು ಅವನ ಕೈಗೆ ಮೆತ್ತಿತು.

"ಭಾಳ ಸುಟ್ಟೈತೇನು?"

ಫಕ್ಕೀರೇಶ ಬಟ್ಟೆ ಬಿಚ್ಚಿ ತೋರಿಸಿದ. ಮಣಿಕಟ್ಟಿನವರೆಗೂ ಹಳದಿ.

"ಅವ್ವ ಅರಿಷಿಣ ಹಚ್ಚ್ಯಾಳ್ರಿ. ಮಾಯ್ತೈತಿ ಬಿಡ್ರಿ."

ಉಳವಪ್ಪ ತನ್ನ ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.