ರಾಜಿ ಪತ್ರದಲ್ಲಿ ನಾನು ಬರೆಯದೆ ಬಿಟ್ಟದ್ದು

ರೋಣದ ಕೋರ್ಟಿನ ಎದುರಿನ ನನ್ನ ವಕೀಲಿ ಆಫೀಸಿನಲ್ಲಿ ಕುಳಿತು ಇಪ್ಪತ್ತು ವರ್ಷಗಳಲ್ಲಿ ಎಷ್ಟು ರಾಜಿ ಪತ್ರ ಬರೆದಿದ್ದೇನೋ ನನಗೇ ನೆನಪಿಲ್ಲ. ಗಂಡ ಹೆಂಡಿರ ಜಗಳ ಹಿರಿಯರವರೆಗೆ ಬಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ತಪ್ಪು ಯಾರದೇ ಇರಲಿ, ಪತ್ರದಲ್ಲಿ ಮೊದಲು ಹೆಣ್ಣಿನ ಕಡೆಯವರು ತಪ್ಪೊಪ್ಪಿಕೊಳ್ಳಬೇಕು. ಗಂಡಿನ ಮನೆಯವರ ಕೈ ಮೇಲಾದರೆ ಮುಂದಿನ ಮಾತು ಸಲೀಸು. ಹಾಗೆ ಬರೆದದ್ದನ್ನು ಯಾರೂ ನಿಜ ಎಂದು ಓದುವುದಿಲ್ಲ. ಸಹಿ ಮಾಡಿ, ಚಹಾ ಕುಡಿದು, ಟ್ರಂಕಿನಲ್ಲಿ ಇಟ್ಟುಬಿಡುತ್ತಾರೆ. ಇದನ್ನು ನಾನು ಜಾಣತನ ಎಂದೇ ತಿಳಿದಿದ್ದೆ.

ಲಕ್ಕಲಕಟ್ಟಿಯ ಆ ಹೆಣ್ಣುಮಗಳು ಕೆನಡಾದಿಂದ ಐದು ವರ್ಷದ ಮಗಳನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಗಂಡ ನರಗುಂದದವನು, ಕೆನಡಾದಲ್ಲಿ ಲಾರಿ ಓಡಿಸುತ್ತಿದ್ದ. ಆಕೆ ನನ್ನ ಮುಂದೆ ಕುಳಿತು ಎಲ್ಲ ಹೇಳಿದಳು: ಬೆಲ್ಟಿನಿಂದ ಹೊಡೆದದ್ದು, ಹಿಮ ಬೀಳುವಾಗ ಬಾಲ್ಕನಿಗೆ ದೂಡಿ ಚಿಲಕ ಹಾಕಿದ್ದು, ಬಿಡಿಸಲು ಬಂದ ಮಗುವಿನ ಕೈ ತಿರುವಿದ್ದು. ಅಲ್ಲಿಯ ದವಾಖಾನೆಯ ಚೀಟಿಯನ್ನೂ ತಂದಿದ್ದಳು. ಆಕೆಗೆ ಬೇಕಾದದ್ದು ಒಂದೇ, ಮಗಳು ತನ್ನ ಹತ್ತಿರ ಇರಬೇಕು.

ಎರಡೂ ಕಡೆಯ ಹಿರಿಯರು ನನ್ನ ಆಫೀಸಿನಲ್ಲಿ ಕೂಡಿದರು. ಗಂಡ ಫೋನಿನಲ್ಲಿದ್ದ. ಬೆಣ್ಣೆಯಂಥ ಮಾತು. ಇನ್ನು ಕೈ ಎತ್ತುವುದಿಲ್ಲ, ಆರು ತಿಂಗಳು ಬೇಕಾದರೆ ತವರಲ್ಲೇ ಇರಲಿ ಎಂದ. ನಾನು ಹೊಡೆತದ ವಿಷಯ ಬರೆಯಲು ಹೊರಟಾಗ ಆಕೆಯ ಸೋದರಮಾವ ತಡೆದ.

"ಅದೊಂದ ಬಿಡ್ರಿ ಅಕ್ಕಾರ. ನಾಳಿ ಅವನ ಕೂಡನ ಬಾಳೇವು ಮಾಡಬೇಕಲ್ಲ ಆಕಿ."

ನಾನು ಬಿಟ್ಟೆ. ಗಂಡನಿಗೆ ಹೇಳದೆ ಮಗುವನ್ನು ಕರೆದುಕೊಂಡು ಬಂದದ್ದು ನನ್ನ ತಪ್ಪು, ಆರು ತಿಂಗಳಲ್ಲಿ ಮಗಳೊಂದಿಗೆ ಮರಳುತ್ತೇನೆ ಎಂದು ಆಕೆಯ ಪರವಾಗಿ ಚೆಂದಾಗಿ ಬರೆದೆ. ಆಕೆ ಓದಿ ನನ್ನ ಮುಖ ನೋಡಿದಳು. ಇದೆಲ್ಲ ರೂಢಿಯ ಮಾತು, ಸಹಿ ಹಾಕು ಎಂದವಳು ನಾನೇ.

ಅವನು ಆ ಪತ್ರವನ್ನು ಟ್ರಂಕಿಗೆ ಹಾಕಲಿಲ್ಲ. ಇಂಗ್ಲಿಷಿಗೆ ಮಾಡಿಸಿ ಕೆನಡಾದ ಕೋರ್ಟಿಗೆ ಕೊಟ್ಟು, ಹೆಂಡತಿ ಮಗುವನ್ನು ಅಪಹರಿಸಿದ್ದಾಳೆ ಎಂದು ಆದೇಶ ತಂದ. ಅದನ್ನು ಹಿಡಿದು ಇಲ್ಲಿಯ ಹೈಕೋರ್ಟಿಗೆ ಹೋದ. ದವಾಖಾನೆಯ ಚೀಟಿ ಹಿಡಿದು ನಾನೂ ಹೋದೆ. ಹೊಡೆದದ್ದು ನಿಜವಾದರೆ, ವಕೀಲರೇ ಬರೆದ ಪತ್ರದಲ್ಲಿ ಆ ಬಗ್ಗೆ ಒಂದು ಅಕ್ಷರವೂ ಏಕಿಲ್ಲ ಎಂದು ಅವನ ವಕೀಲರು ಕೇಳಿದರು. ನಮ್ಮ ಕಡೆ ಹಾಗೆ ಬರೆಯುವ ರೂಢಿ ಇದೆ ಎಂದೆ. ಹಿಂದೆ ಕುಳಿತಿದ್ದ ಯಾರೋ ನಕ್ಕರು.

ಕೋರ್ಟು ಮಗುವನ್ನು ಕೆನಡಾಕ್ಕೆ, ಅಪ್ಪನ ಹತ್ತಿರ ಕಳಿಸಿತು. ಬೇಕಿದ್ದರೆ ತಾಯಿಯೂ ಜೊತೆಗೆ ಹೋಗಬಹುದು ಎಂದು ಆದೇಶದಲ್ಲಿತ್ತು. ಗಂಡನ ಹೆಸರಿನ ಮೇಲೆ ಸಿಕ್ಕಿದ್ದ ವೀಸಾ ಅಷ್ಟರಲ್ಲಿ ಮುಗಿದಿತ್ತು, ಅವನು ಮತ್ತೆ ಅರ್ಜಿಗೆ ಸಹಿ ಮಾಡಲಿಲ್ಲ. ಸೋದರಮಾವ ಈಗಲೂ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಕೈ ಮುಗಿಯುತ್ತಾನೆ. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಕಾನೂನು ಓದಿದವನಲ್ಲ. ಓದಿದವಳು ನಾನು, ಸಿಟ್ಟೆಲ್ಲ ನನ್ನ ಮೇಲೆಯೇ.

ಭಾನುವಾರ ಸಂಜೆ ಅರ್ಧ ಗಂಟೆ ಮಗಳೊಂದಿಗೆ ವಿಡಿಯೊದಲ್ಲಿ ಮಾತಾಡಲು ಆಕೆಗೆ ಅವಕಾಶವಿದೆ. ಮನೆಯಲ್ಲಿ ಎಲ್ಲರೂ ಸುತ್ತ ಕೂಡುತ್ತಾರೆಂದು ಬಸ್ಸು ಹಿಡಿದು ನನ್ನ ಆಫೀಸಿಗೇ ಬರುತ್ತಾಳೆ. ಮೊದಮೊದಲು ಮಗು ಅಳುತ್ತಿತ್ತು. ಈಗ ಅಳುವುದಿಲ್ಲ, ಅದನ್ನು ನೋಡುವುದು ಇನ್ನೂ ಕಷ್ಟ. ಹೋದ ವಾರ ಕೇಳಿತು.

"ಅವ್ವಾ, ನೀ ನನ್ನ ಕದ್ಕೊಂಡ ಹೋಗಿದ್ದಿ ಅಂತಲ್ಲ? ಹೌದಂತ ನೀನ ಬರದ ಕೊಟ್ಟಿಯಂತ. ಪಪ್ಪಾ ತೋರ್ಸಿದ್ರು."

ಆಕೆ ಫೋನನ್ನು ನನ್ನ ಕೈಗೆ ಕೊಟ್ಟಳು.

"ನೀವ ಹೇಳ್ರಿ ಅಕ್ಕಾರ."

ಮಗು ನನ್ನನ್ನೇ ನೋಡುತ್ತಿತ್ತು. ಬರೆದವಳು ನಾನು, ನಿಮ್ಮವ್ವ ಅಲ್ಲ ಎಂದಷ್ಟೇ ಹೇಳಬೇಕಿತ್ತು. ನೆಟ್‌ವರ್ಕ್ ಸರಿಯಿಲ್ಲ ಎಂದು ಸುಳ್ಳು ಹೇಳಿ ಕರೆ ಕಟ್ ಮಾಡಿದೆ. ಆಕೆಯ ಅರ್ಧ ಗಂಟೆಯಲ್ಲಿ ಇನ್ನೂ ಇಪ್ಪತ್ತು ನಿಮಿಷ ಉಳಿದಿದ್ದವು.