ಒಮಾರಿ ಕಟ್ಟಬೇಕಿದ್ದ ಸೇತುವೆ

ಒಮಾರಿ ಎಮ್ಮೆಗೂ 'ರಿ' ಹಚ್ಚಿ ಮಾತಾಡುತ್ತಿದ್ದ. ಮಂಡಿಪೇಟೆಯ ನಮ್ಮ ಮನೆಯ ಮುಂದೆ ಎಮ್ಮೆ ಅಡ್ಡ ನಿಂತರೆ ಸೈಕಲ್ ಇಳಿದು, "ಸ್ವಲ್ಪ ಸರೀರಿ, ಕಾಲೇಜಿಗೆ ಹೊತ್ತಾತು" ಎನ್ನುವನು. ಆಫ್ರಿಕಾದಿಂದ ಎಂಜಿನಿಯರಿಂಗ್ ಓದಲು ಬಂದ ಆರಡಿ ಆಳು ನಮ್ಮ ಕನ್ನಡದಲ್ಲಿ ಎಮ್ಮೆಗೆ ಮರ್ಯಾದೆ ಕೊಡುವುದನ್ನು ಮೊದಲ ಸಲ ಕೇಳಿದಾಗ ನನ್ನ ಕೈಯಲ್ಲಿದ್ದ ಹಾಲಿನ ಚೊಂಬು ಬಿದ್ದೇ ಹೋಗಿತ್ತು.

ಅಬ್ಬಾಜಾನ್ ಅವನಿಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟಿದ್ದರು. ನಮಾಜಿಗೆ ಜೊತೆಯಾದವನು ಊಟಕ್ಕೂ ಜೊತೆಯಾಗಿ, ಕೊನೆಗೆ ಮನೆಯ ಮಗನೇ ಆದ. ಮಿರ್ಚಿಯ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದಕ್ಕೆ ಕೈ ಚಾಚುವ ಭಂಡ! ಭಾನುವಾರ ಬಂತೆಂದರೆ ಹರಿಹರಕ್ಕೆ ಓಡುತ್ತಿದ್ದ. ಒಮ್ಮೆ ನಮ್ಮನ್ನೂ ಕರೆದೊಯ್ದ. ಊರು ತೋರಿಸುತ್ತಾನೆಂದುಕೊಂಡರೆ, ಸೀದಾ ತುಂಗಭದ್ರೆಯ ಮರಳಿಗಿಳಿದು ರೈಲು ಸೇತುವೆಯ ಕಂಬವನ್ನು ತಟ್ಟಿ ತಟ್ಟಿ ನೋಡತೊಡಗಿದ, ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ. ನನಗೆ ನಗು ತಡೆಯಲಾಗಲಿಲ್ಲ.

"ನಗಬ್ಯಾಡ್ರಿ ತಂಗಿ," ಎಂದ. "ನಮ್ಮೂರ ಹೊಳಿಗೆ ಸೇತುವೆ ಇಲ್ಲ. ಆಸ್ಪತ್ರೆ ಆ ಕಡೆ ಐತೆ. ನಮ್ಮಕ್ಕಗೆ ಹೆರಿಗೆ ನೋವು ಬಂದಾಗ ಹೊಳಿ ತುಂಬಿತ್ತು. ದಂಡಿ ಮ್ಯಾಲೇ ಸತ್ತೋದ್ಲು. ನಾ ಇಂಥದೊಂದು ಕಟ್ಟಬೇಕ್ರಿ. ಅದಕ್ಕೇ ಇಲ್ಲಿ ಬಂದೀನಿ."

ನಾನೂ ಹೋಗಿ ಆ ಕಂಬವನ್ನು ತಟ್ಟಿ ನೋಡಿದೆ.

ಇನ್ನೊಂದು ವರ್ಷದ ಓದು ಬಾಕಿಯಿರುವಾಗ ಅವನ ದೇಶಕ್ಕೆ ಸ್ವಾತಂತ್ರ್ಯ ಬಂತು. ಒಂದು ಮಧ್ಯಾಹ್ನ ನಮ್ಮ ಓಣಿಯಲ್ಲಿ ಹಿಡಿಸದಷ್ಟು ದೊಡ್ಡ ಕಾರು ಬಂದು ನಿಂತಿತು. ಇಳಿದವನು ಅವನ ಸರ್ಕಾರದ ಮನುಷ್ಯ. ಬಿಳಿಯರು ಬಿಟ್ಟುಹೋದ ಕುರ್ಚಿಗಳಿಗೆ ಓದಿದವರು ಬೇಕಂತೆ. ಒಮಾರಿಗೆ ಕಾಗದಪತ್ರ ನೋಡುವ ಆಫೀಸರ್ ಹುದ್ದೆ ಕಾದಿದೆಯಂತೆ, ಡಿಗ್ರಿಯೂ ಬೇಡ, ಕೂಡಲೇ ಹೊರಡಬೇಕಂತೆ. ಅವನನ್ನು ಓದಲು ಕಳಿಸಿದ ಮುಖಂಡರೇ ಈಗ ಸರ್ಕಾರ ನಡೆಸುತ್ತಿದ್ದರು, ಅವರೇ ಕರೆಯುತ್ತಿರುವಾಗ ಒಲ್ಲೆ ಎನ್ನುವಂತಿರಲಿಲ್ಲ.

ಅಬ್ಬಾಜಾನ್ ಅವನ ಮುಖವನ್ನೂ ನೋಡದೆ ಮಂಡಿಪೇಟೆಗೆಲ್ಲ ಪೇಡೆ ಹಂಚಿಸಿಬಿಟ್ಟರು. ದಲಾಲರು, ಹಮಾಲರು, ಪಕ್ಕದ ಅಂಗಡಿಯವರು ಹಾರ ಹಿಡಿದು ಬಂದರು. "ನಮ್ಮ ಒಮಾರಿ ಸಾಹೇಬ ಆದ್ನಲ್ಲೋ!" ಅಮ್ಮಿ ಪ್ರಯಾಣದ ರಕ್ಷೆಗೆಂದು ನಾಣ್ಯ ಸುತ್ತಿದ ಹಸಿರು ಬಟ್ಟೆಯನ್ನು ಅವನ ತೋಳಿಗೆ ಕಟ್ಟಲು ಹೋದರೆ, ಅಯ್ಯೋ ದೇವರೇ, ಹಾರಗಳ ನಡುವೆ ಆ ಆಳು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

"ಯಾಕಪ್ಪ, ಇಂಥಾ ಖುಷಿ ದಿನ?" ಎಂದಳು ಅಮ್ಮಿ.

"ಇನ್ನೊಂದು ವರ್ಷ ಬಿಟ್ಟಿದ್ರೆ ಕಟ್ಟೋದು ಕಲ್ತು ಹೋಗ್ತಿದ್ದೆ, ಅಮ್ಮಿ. ಈಗ ಸೇತುವೆ ಯಾರು ಕಟ್ತಾರ್ರಿ? ಇದಕ್ಕೆ ಪೇಡೆ ಹಂಚ್ತೀರೇನ್ರಿ?"

ಕೈಯಲ್ಲಿದ್ದ ಪೇಡೆಯನ್ನು ಏನು ಮಾಡಬೇಕೆಂದು ಅಬ್ಬಾಜಾನರಿಗೆ ತಿಳಿಯಲಿಲ್ಲ.

ಅವನು ಮುಂಬಯಿಯಲ್ಲಿ ಹಡಗು ಹತ್ತಬೇಕಿತ್ತು. ಹರಿಹರದವರೆಗೆ ನಾವೂ ರೈಲಿನಲ್ಲಿ ಹೋದೆವು. ಅಲ್ಲಿಂದ ಹೊರಟೊಡನೆ ರೈಲು ಹೊಳೆ ದಾಟುತ್ತದೆ. "ಕಿಟಕಿ ಪಕ್ಕದಾಗೆ ಕೂಡ್ಸೀನಪ್ಪ, ಸೇತುವೆ ಕಣ್ತುಂಬ ನೋಡ್ಕೊಂಡು ಹೋಗು," ಎಂದು ಅಬ್ಬಾಜಾನ್ ಇಳಿದರು. ಒಮಾರಿ ತಲೆಯಾಡಿಸಿದ. ಗಾಡಿ ಅಲುಗಿತು. ನಾವಿನ್ನೂ ಕೈ ಬೀಸುತ್ತಿದ್ದೆವು, ಅವನು ಎದ್ದು ಕಿಟಕಿಯ ಮರದ ಬಾಗಿಲನ್ನು ಧಡ್ಡನೆ ಎಳೆದುಕೊಂಡುಬಿಟ್ಟ.

ಆಮೇಲೆ ಅವನ ಸುದ್ದಿ ಬರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೇ ನೌಕರಿ ಸಿಗಲಿ, ಅಬ್ಬಾಜಾನ್ ಪೇಡೆ ತರಲು ಹೊರಟವರು ಬಾಗಿಲಲ್ಲೇ ನಿಂತು, "ನಿನಗೆ ಬೇಕಾಗಿದ್ದು ಇದೇ ಏನಪ್ಪ?" ಎಂದು ಕೇಳುತ್ತಿದ್ದರು. ಉತ್ತರ ಬರುವವರೆಗೆ ಚಪ್ಪಲಿ ಮೆಟ್ಟುತ್ತಿರಲಿಲ್ಲ.