ಶ್ರಾವಣ ಸೋಮವಾರ ಮತ್ತು ಗುಲಗಂಜಿ ಹುಳು

ಈ ಶ್ರಾವಣದ ಮೊದಲ ಸೋಮವಾರ ನಮ್ಮವ್ವ ಹುಳುಗಳಿಗೂ ಉಪವಾಸ ಹಿಡಿಸಿದಳು.

ಗುಲಗಂಜಿ ಹುಳು ಗೊತ್ತಲ್ಲ? ಕೆಂಪು ಬೆನ್ನು, ಮೇಲೆ ಕಪ್ಪು ಚುಕ್ಕಿ. ನೋಡಿದರೆ ಮುದ್ದು ಬರುತ್ತದೆ. ಆದರೆ ಪಕ್ಕಾ ಮಾಂಸಾಹಾರಿ. ಬೆಳೆಯ ರಸ ಹೀರುವ ಹೇನುಗಳೇ ಅದರ ಊಟ.

ನಮ್ಮಕ್ಕನ ಮಗಳು ಗಿರಿಜಾ ಧಾರವಾಡದಲ್ಲಿ ಎಂ.ಎಸ್ಸಿ. ಅಗ್ರಿ ಓದುತ್ತಾಳೆ. ಯಾವ ಬೆಳೆಯ ಹೇನು ತಿನ್ನಿಸಿದರೆ ಈ ಹುಳು ಹೆಚ್ಚು ಮೊಟ್ಟೆ ಇಡುತ್ತದೆ ಎಂಬುದೇ ಅವಳ ಥೀಸಿಸ್ಸು. ಸಂಪಗಾಂವದ ನಮ್ಮ ಹೊಲದ ಅಲಸಂದಿಗೆ ಹೇನು ಬಿದ್ದಿದೆ ಎಂದು ಕೇಳಿದ್ದೇ ತಡ, ಹುಳುಗಳ ಡಬ್ಬಿಗಳ ಸಮೇತ ಬೈಲಹೊಂಗಲದ ನಮ್ಮ ಮನೆಗೆ ಬಂದಿಳಿದಳು. (ಬೆಳೆಗೆ ಹೇನು ಬಿದ್ದರೆ ಕುಣಿಯುವವರನ್ನು ನಾನು ಮೊದಲ ಸಲ ನೋಡಿದ್ದು.) ಅಲಸಂದಿ ಒಣಗುವುದರೊಳಗೆ ಒಂದು ಪೀಳಿಗೆ ಸಾಕಿ ಮುಗಿಸಬೇಕು. ತಪ್ಪಿದರೆ ಕೆಲಸ ಮುಂದಿನ ಮುಂಗಾರಿಗೆ.

ಭಾನುವಾರ ಸಂಜೆ ಗೈಡ್ ಕರೆದರೆಂದು ಹೊರಟಳು. ಹೋಗುವಾಗ ಅವ್ವನಿಗೆ ಹೇಳಿದಳು: "ಆಯಿ, ಹೇನು ಹತ್ತಿದ ಕುಡಿ ತಂದಿಟ್ಟೀನಿ, ದಿನಾ ಮುಂಜಾನಿ ಡಬ್ಬ್ಯಾಗ ಹಾಕು. ಮರೀಬ್ಯಾಡ."

ಅವ್ವ ಮರೆಯುವವಳಲ್ಲ. ಆದರೆ ಮರುದಿನ ಶ್ರಾವಣ ಸೋಮವಾರ!

"ಇವತ್ತ ನನ್ನ ಕೈಲೆ ಜೀಂವ ತಿನ್ನಾಕ ಕೊಡ್ಲೇನು?" ಎಂದವಳೇ ಕುಡಿಗಳನ್ನು ಹಿತ್ತಲಿಗೆ ಎಸೆದು, ಹತ್ತಿಯನ್ನು ಬೆಲ್ಲದ ನೀರಿನಲ್ಲಿ ಅದ್ದಿ ಇಟ್ಟಳು. ಮಂಗಳವಾರವೂ ಅದೇ. "ರೂಢಿ ಆತಂದ್ರ ಶ್ರಾವಣ ಪೂರ್ತಿ ನಡೀತೈತಿ."

ಅವ್ವನೊಬ್ಬಳನ್ನೇ ಯಾಕೆ ದೂರಬೇಕು? ಮನೆಗೆ ಬಂದ ಬೀಗರಿಗೂ ನಾವು ಮಾಡುವುದು ಇದನ್ನೇ. ಅವರಿಗೇನು ಬೇಕೆಂದು ಕೇಳುವುದಿಲ್ಲ, ನಮಗೆ ಚಲೋ ಅನ್ನಿಸಿದ್ದನ್ನು ಬಡಿಸಿ "ನಾಚಬ್ಯಾಡ್ರಿ, ಉಣ್ರಿ" ಎನ್ನುತ್ತೇವೆ. ಶುಗರ್ ಇದ್ದವರ ತಾಟಿಗೆ ಹೋಳಿಗೆ ಬೀಳುವುದನ್ನು ನೀವು ನೋಡಿಲ್ಲವೇ?

ಬುಧವಾರ ಗಿರಿಜಾ ಬಂದಳು. ದೊಡ್ಡ ಹುಳುಗಳು ಬದುಕಿದ್ದವು, ಮೊಟ್ಟೆ ಮಾತ್ರ ಒಂದೂ ಇಲ್ಲ. ಗಿಜಿಗುಡುತ್ತಿದ್ದ ಮರಿಗಳ ಡಬ್ಬಿಯಲ್ಲಿ ಎರಡೇ ಎರಡು.

"ನೋಡವಾ, ಬೆಲ್ಲದ ನೀರಿಗೆ ಹೆಂಗ ದುಂಡಗ ಆಗ್ಯಾವು!" ಎಂದಳು ಅವ್ವ.

"ಉಳದಾವು ಎಲ್ಲಿ, ಆಯಿ?"

"ಸಂದ್ಯಾಗ ಹೊಕ್ಕಿರಬೇಕು."

"ಸಂದ್ಯಾಗಲ್ಲ, ಇವುಗಳ ಹೊಟ್ಟ್ಯಾಗ ಹೊಕ್ಕಾವು. ಹೇನು ಸಿಗಲಿಲ್ಲಂದ್ರ ಒಂದನ್ನೊಂದು ತಿಂತಾವು."

ಗಿರಿಜಾಳ ಕಣ್ಣು ತುಂಬಿದವು. ಜೀವ ಉಳಿಸಲು ಹೋದ ಅವ್ವನ ಮುಖ ಸಣ್ಣದಾಯಿತು. ಇಬ್ಬರನ್ನೂ ನೋಡಿ ನನಗೆ ಸಂಕಟವಾಯಿತು. ಯಾರಿಗೆಂದು ಸಮಾಧಾನ ಹೇಳಲಿ?

ಮರುದಿನ ಅವ್ವ ತಾನೇ ಬಸ್ ಹತ್ತಿ ಸಂಪಗಾಂವಕ್ಕೆ ಹೋಗಿ, ಸೆರಗಿನ ತುಂಬ ಹೇನು ಹತ್ತಿದ ಕುಡಿ ತಂದಳು. ಈಗ ದಿನಾ ಶಿವನ ಹೆಸರು ಹೇಳಿ, ಕಣ್ಣು ಮುಚ್ಚಿ, ಡಬ್ಬಿಗೆ ಹಾಕುವವಳು ಅವಳೇ. ಮೊನ್ನೆ ಎಲೆಯ ಹಿಂದೆ ಹಳದಿ ಮೊಟ್ಟೆ ಕಂಡವು. ಅಲಸಂದಿ ಇನ್ನೂ ಹಸಿರಿದೆ, ಗಿರಿಜಾ ನಗುತ್ತಿದ್ದಾಳೆ.

ಇಷ್ಟಕ್ಕೇ ಮುಗಿಯಲಿಲ್ಲ. ಈ ಸೋಮವಾರ ನಾನೂ ನನ್ನ ಹೆಂಡತಿಯೂ ಬೆಳಗಿನಿಂದ ಉಪವಾಸ. ಸಂಜೆಯಾಗುತ್ತಲೇ ಟೀವಿ ಆಂಟೆನಾ ತಿರುಗಿಸುವ ವಿಷಯಕ್ಕೆ ಜಗಳ ಹತ್ತಿತು. ದನಿ ಏರಿತು. ಪೂಜೆ ಇನ್ನೂ ಆಗಿರಲಿಲ್ಲ, ಆದರೂ ಅವ್ವ ಎರಡು ತಾಟು ಉಪ್ಪಿಟ್ಟು ತಂದು ನಮ್ಮ ಮುಂದೆ ಕುಕ್ಕಿದಳು.

"ಮೊದಲ ತಿನ್ರಿ ಇಬ್ರೂ. ಇಲ್ಲಾಂದ್ರ ಮುಂಜಾನಿ ಆಗೂದ್ರಾಗ ಈ ಮನ್ಯಾಗ ಒಬ್ಬರ ಉಳದಿರ್ತೀರಿ, ಅದೂ ದುಂಡಗಾಗಿ!"